ಏರಿ ದಾಟದ ಓದು

ಅನಂತರಾಜು ಸತ್ತ ಸುದ್ದಿ ಮನೆಗೆ ಮುಟ್ಟಿದ್ದು ಹಾಲಿನ ಡೈರಿ ಬಾಗಿಲು ತೆರೆಯುವ ಹೊತ್ತಿಗೆ. ರಾಗಿ ತೆನೆ ಬಲಿತು ಬಾಗಿದ್ದ ಕಾಲ. ಹಿಂದಿನ ಸಂಜೆ ಹೊಲ ಕಾಯಲು ಹೋದವನು ಬೆಳಕು ಹರಿದರೂ ಬಂದಿರಲಿಲ್ಲ. ಅವನ ತಾಯಿ ಶಿವಲಿಂಗಮ್ಮ ಕರೆದ ಹಾಲನ್ನು ಕ್ಯಾನಿಗೆ ಬಗ್ಗಿಸುತ್ತಿದ್ದಳು. ಅವನ ಒಬ್ಬಳೇ ಮಗಳು ಭಾನುಪ್ರಿಯ, ಎರಡನೆಯ ಪಿಯುಸಿ ಓದುವ ಹುಡುಗಿ, ಸಮವಸ್ತ್ರ ತೊಟ್ಟು ಜಗಲಿಯ ಮೇಲೆ ಅಪ್ಪನಿಗಾಗಿ ಕಾದಿದ್ದಳು. ದಿನಾ ಅವನೇ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು, ಕೆರೆ ಏರಿ ದಾಟಿಸಿ, ಉಯ್ಯಂಬಳ್ಳಿ ರಸ್ತೆಗೆ ಬಂದು ಕನಕಪುರದ ಬಸ್ಸು ಹತ್ತಿಸುತ್ತಿದ್ದ.

ಊರಿನ ನಾಲ್ಕಾರು ಗಂಡಸರು ಅಂಗಳಕ್ಕೆ ಬಂದರು. ಬೇರೆ ದಿನವಾದರೆ ಬೀದಿಯಿಂದಲೇ ಕೂಗಿ ಮಾತಾಡುವ ಜನ. ಅಂದು ಯಾರೂ ಬಾಯಿ ಬಿಡಲಿಲ್ಲ. ಒಬ್ಬನ ಕೈಯಲ್ಲಿ ಅನಂತರಾಜುವಿನ ಟಾರ್ಚು ಇತ್ತು. ಹಗಲಾಗಿದ್ದರೂ ಅದು ಉರಿಯುತ್ತಲೇ ಇತ್ತು. ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

"ಅವ್ವ, ಒಸಿ ಕೂತ್ಕೊ," ಎಂದ ಟಾರ್ಚು ಹಿಡಿದವನು.

ಶಿವಲಿಂಗಮ್ಮ ಏನಾಯಿತೆಂದು ಕೇಳಲಿಲ್ಲ. ಆನೆಗಳು ಕಾಡಿನಿಂದ ಇಳಿದಿವೆಯೆಂದು ಎರಡು ದಿನದಿಂದ ಊರೆಲ್ಲ ಪಟಾಕಿ ಹೊಡೆಯುತ್ತಿತ್ತು. "ಎಲ್ಲಿ?" ಎಂದಷ್ಟೇ ಕೇಳಿದಳು.

"ಏರಿ ಮ್ಯಾಲೆ. ಹೊಂಗೆ ಮರದ ತಾವ."

ಆಮೇಲಿನದು ಅವಳಿಗೆ ನೆನಪಿರುವುದು ತುಂಡು ತುಂಡಾಗಿ. ಮಗನ ಮುಖ ಮಾತ್ರ ನೋಡಗೊಟ್ಟರು. ಕತ್ತಿನಿಂದ ಕೆಳಗೆ ಬಟ್ಟೆ ಸರಿಸಲು ಬಿಡಲಿಲ್ಲ. ಹನ್ನೊಂದನೆಯ ದಿನ ತಿಥಿ ಮಾಡಿ, ಅವನಿಗೆ ಪ್ರಿಯವಾದ ಮುದ್ದೆ, ಉಪ್ಸಾರು, ಹುರಿದ ಕಡಲೆಬೀಜ ಎಡೆ ಇಟ್ಟರು. ಅಂದೇ ಪಂಕ್ತಿಯಲ್ಲಿ ಯಾರೋ ಒಬ್ಬರು ಆಡಿದ ಮಾತು ಅವಳ ಕಿವಿಗೆ ಬಿತ್ತು: "ಅಕಾಲದಲ್ಲಿ ಹೋದ ಜೀವ. ವರ್ಸ ತುಂಬಗಂಟ ಬಿದ್ದ ಜಾಗ ಬುಡಾಕಿಲ್ಲ."

ಆ ಮಾತು ನೊಣದ ಹಾಗೆ ಬಂದು ಕೂತಿತು, ಎದ್ದು ಹೋಗಲಿಲ್ಲ.

ಪಕ್ಕದ ಮನೆಯ ಸಿದ್ದಮ್ಮ ಅದಕ್ಕೆ ಇನ್ನಷ್ಟು ಸೇರಿಸಿದಳು. "ಮಟಮಟ ಮದ್ಯಾನದಲ್ಲಿ ಹೊಂಗೆ ಮರದ ಕಡೆಯಿಂದ ನಿನ್ ಮಗ ಹಸುನ ಕೂಗಿ ಕರ್ದಂಗೆ ಕೇಳುಸ್ತು ಕಣಕ್ಕ. ನಾನು ತಿರುಗಿ ನೋಡ್ನಿಲ್ಲ. ನೋಡ್ಬಾರ್ದು ಅಂತಾರಲ್ಲ."

ಅಂದಿನಿಂದ ಶಿವಲಿಂಗಮ್ಮ ಹೊಲಕ್ಕೆ ಏರಿಯ ಮೇಲೆ ಹೋಗುವುದನ್ನು ಬಿಟ್ಟಳು. ಕೆರೆಯ ಹಿಂದುಗಡೆ ಸುತ್ತಿ, ಮುಳ್ಳು ತುಳಿದು ಹೋದರೂ ಸರಿಯೆ. ಕೇಳಿದವರಿಗೆ ಆನೆಯ ಭಯ ಎನ್ನುತ್ತಿದ್ದಳು. ಆನೆಯ ಭಯ ಇಲ್ಲದಿರಲಿಲ್ಲ. ಆದರೆ ಅದರ ಹಿಂದೆ ಇನ್ನೊಂದು ಭಯವಿತ್ತು. ಅದನ್ನು ಯಾರೊಡನೆ ಹೇಳಿಕೊಳ್ಳುವುದು? ಹೆತ್ತು, ಎದೆಹಾಲು ಕುಡಿಸಿ, ಹೆಗಲ ಮೇಲೆ ಹೊತ್ತು ಕಬ್ಬಾಳಮ್ಮನ ಸನ್ನಿಧಿಗೆ ಒಯ್ದು ಮುಡಿ ಕೊಡಿಸಿದ ಮಗನಿಗೇ ತಾಯಿ ಹೆದರುತ್ತಾಳೆ ಎಂದರೆ ಕೇಳಿದವರು ಏನಂದಾರು? ದೇವರ ಮುಂದೆ ದೀಪ ಹಚ್ಚಿ ಕೂತಾಗಲೂ ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಭಾನುವೂ ಕಾಲೇಜು ಬಿಟ್ಟಳು. ಒಂದೆರಡು ಸಲ ಹೊರಟು ಏರಿಯ ಬುಡದವರೆಗೆ ಹೋಗಿ, ಲಂಟಾನ ಪೊದೆ ಸ್ವಲ್ಪ ಅಲುಗಿದ್ದಕ್ಕೆ ಬೆವರಿ ವಾಪಸು ಬಂದಳು. ಹಾಜರಿ ಸಾಲದೆ ಹೋಯಿತು. ಮಾರ್ಚ್ ಪರೀಕ್ಷೆಗೆ ಕೂರಿಸಲಾಗುವುದಿಲ್ಲ ಎಂದು ಕಾಲೇಜಿನಿಂದ ತಿಳಿಸಿದರು. ಮಗಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕೆಂಬುದು ಅನಂತರಾಜುವಿನ ಒಂದೇ ಹಟವಾಗಿತ್ತು. "ನಮ್ ಮನೇಲಿ ಒಬ್ಬರಾದ್ರೂ ಆ ಕರಿ ಗೌನು ಹಾಕ್ಕಂಡು ಪಟ ತೆಗುಸ್ಕಬೇಕು ಕಣವ್ವ," ಎನ್ನುತ್ತಿದ್ದ. ಪಿಯುಸಿ ಇಲ್ಲದೆ ಆ ಮೆಟ್ಟಿಲೆಲ್ಲಿ ಬಂತು?

ಮಾಘ ಮಾಸದಲ್ಲಿ ಬೈರಾಪಟ್ಟಣದಿಂದ ಭಾನುವಿನ ಸೋದರಮಾವ ಜಯಕುಮಾರ್ ಬಂದ. ತೀರಿಹೋದ ತಂಗಿಯ ಮಗಳೆಂದು ಅವನಿಗೆ ಹುಡುಗಿಯ ಮೇಲೆ ಪ್ರಾಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ. ಅಲ್ಲಿಯ ಗದ್ದಲಕ್ಕೆ ಹೊಂದಿಕೊಂಡ ಗಂಟಲು.

"ಅತ್ತೆ, ಇವಳನ್ನ ನಮ್ಮೂರಿಗೆ ಕಳ್ಸಿಕೊಡಿ. ಚನ್ನಪಟ್ನದಲ್ಲಿ ಕಾಲೇಜಿಗೆ ಸೇರುಸ್ತೀನಿ. ಒಂದು ವರ್ಸ ತಾನೆ?"

"ಅಜ್ಜಿನ ಬುಟ್ಟು ನಾನು ಬರಲ್ಲ ಮಾವ," ಎಂದಳು ಭಾನು. "ನಮ್ಮ ಕಾಲೇಜ್ ಮೇಡಂ ಇನ್ನೊಂದು ದಾರಿ ಹೇಳವ್ರೆ. ಓಪನ್ ಸ್ಕೂಲು. ದಿನಾ ಕ್ಲಾಸಿಗೆ ಹೋಗ್ಲೇಬೇಕು ಅಂತೇನಿಲ್ಲ. ಪುಸ್ತಕ ಅವ್ರೇ ಕೊಡ್ತಾರೆ, ಮನೇಲೇ ಓದ್ಕಬೋದು. ಎಲ್ಲಾ ವಿಷಯನೂ ಒಂದೇ ಸಲ ಬರೀಬೇಕು ಅಂತಾನೂ ಇಲ್ಲ. ಆದಷ್ಟು ಅಕ್ಟೋಬರಲ್ಲಿ, ಮಿಕ್ಕಿದ್ದು ಏಪ್ರಿಲಲ್ಲಿ."

"ಓಪನ್ ಸ್ಕೂಲು ಅಂದ್ರೆ? ಗ್ವಾಡೆ ಇಲ್ದಿರೋ ಸ್ಕೂಲಾ?"

"ನಿಮ್ಮ ಗೂಡಿನ ಮಾರ್ಕೆಟ್ಟಿಗಿಂತ ವಾಸಿ ಬುಡಿ. ಅಲ್ಲಿ ಗ್ವಾಡೆ ಇದ್ರೂ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ."

ಅಪ್ಪ ಹೋದ ಮೇಲೆ ಹುಡುಗಿ ಆಡಿದ ಮೊದಲ ತಮಾಷೆ ಅದು. ಜಯಕುಮಾರ್ ನಕ್ಕ, ಮರುಗಳಿಗೆಯೇ ಮುಖ ಗಂಭೀರ ಮಾಡಿಕೊಂಡ. "ನಗೋ ಮಾತಲ್ಲ ಕಣಮ್ಮ. ನಮ್ಮ ಮಾರ್ಕೆಟ್ಟಲ್ಲಿ ಒಬ್ಬನ ಮಗ ಯಾವುದೋ ಹೆಸರು ಕೇಳದ ಬೋರ್ಡಿಂದ ಸರ್ಟಿಫಿಕೇಟ್ ತಂದ. ಡಿಗ್ರಿಗೆ ಸೇರಾಕೋದ್ರೆ, ಇದು ನಡೆಯಲ್ಲ ಅಂತ ವಾಪಸ್ ಕಳ್ಸಿದ್ರು. ಅವನೀಗ ಟೀ ಅಂಗ್ಡಿ ಇಟ್ಟವನೆ."

"ಇದು ಸರ್ಕಾರದ್ದು ಮಾವ. ಮೇಡಂ ವಿಶ್ವವಿದ್ಯಾಲಯದ ಆಫೀಸಿಗೇ ಫೋನ್ ಮಾಡಿ ವಿಚಾರಿಸವ್ರೆ. ಪಿಯುಸಿಗೆ ಸಮ ಅಂತ ತಗೋತಾರಂತೆ."

ಇಬ್ಬರೂ ಶಿವಲಿಂಗಮ್ಮನ ಮುಖ ನೋಡಿದರು. ಅವಳಿಗೆ ಬೋರ್ಡು, ಸರ್ಟಿಫಿಕೇಟು ಅರ್ಥವಾಗಲಿಲ್ಲ. ಒಂದೇ ಒಂದು ಮಾತು ಅವಳ ಮನಸ್ಸಿನಲ್ಲಿ ನಿಂತಿತು: ಮನೆಯಲ್ಲೇ ಓದಿಕೊಳ್ಳಬಹುದು. ಅಂದರೆ ಹುಡುಗಿ ಏರಿ ದಾಟಬೇಕಾಗಿಲ್ಲ. ಆ ಮರದ ಕೆಳಗೆ ಹಾಯಬೇಕಾಗಿಲ್ಲ.

"ಅದೇ ಆಗ್ಲಿ," ಎಂದಳು. "ಮನೆಯಿಂದ ಆಚ್ಗೆ ಕಾಲಿಡ್ದಂಗೆ ಓದಾದ್ರೆ ಅದಕ್ಕಿಂತ ಪುಣ್ಯ ಏನೈತೆ?"

ಜಯಕುಮಾರ್ ಫೋನಿನಲ್ಲೇ ಅರ್ಜಿ ತುಂಬಿಸಿದ. ಪುಸ್ತಕಗಳು ಬಂದವು. ಬೇಸಿಗೆ ಕಳೆಯಿತು, ಮುಂಗಾರು ಬಂತು, ರಾಗಿ ಬಿತ್ತಿದರು. ಭಾನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದರೆ, ಶಿವಲಿಂಗಮ್ಮ ಹೊಸ್ತಿಲಲ್ಲಿ ಕಡಲೆಕಾಯಿ ಬಿಡಿಸುತ್ತ ಕಾವಲು ಕೂತಂತೆ ಕೂತಿರುತ್ತಿದ್ದಳು. ಆನೆ ಕೊಟ್ಟಿಗೆಗೇ ಬಂದ ಕತೆಗಳನ್ನು ಅವಳು ಕೇಳಿದ್ದಳು. ಆದರೂ ಕಣ್ಣಳತೆಯಲ್ಲಿರುವ ಮಗುವಿಗೆ ಏನೂ ಆಗದು ಎಂಬ ಒಂದು ಮೊಂಡು ನಂಬಿಕೆ.

ನವರಾತ್ರಿ ಹತ್ತಿರವಾದಾಗ ಆ ನಂಬಿಕೆ ಮುರಿಯಿತು.

"ಅಜ್ಜಿ, ಹಾಲ್ ಟಿಕೆಟ್ ಬಂತು. ರಾಮನಗರದಲ್ಲಿ ಸೆಂಟರು."

"ಯಾತರ ಸೆಂಟರು?"

"ಪರೀಕ್ಷೆ ಬರೆಯೋ ಜಾಗ."

"ಪರೀಕ್ಷೆನೂ ಮನೇಲೇ ಅಲ್ವಾ?"

ಭಾನು ನಗಬೇಕೋ ಅಳಬೇಕೋ ತಿಳಿಯದೆ ಅಜ್ಜಿಯನ್ನು ನೋಡಿದಳು. "ಓದಾದು ಮನೇಲಿ ಅಜ್ಜಿ. ಬರೆಯಾಕೆ ಹೋಗ್ಲೇಬೇಕು. ಮನೇಲಿ ಕೂತು ಬರೆದ್ರೆ ಯಾವ ವಿಶ್ವವಿದ್ಯಾಲಯ ಒಪ್ತದೆ?"

ಪರೀಕ್ಷೆ ಮಧ್ಯಾಹ್ನ. ಆದರೆ ಊರಿನಿಂದ ಎರಡು ಬಸ್ಸು ಬದಲಿಸಿ ಹೋಗಬೇಕು; ಮೊದಲ ಬಸ್ಸು ತಪ್ಪಿದರೆ ನಂಬುವಂತಿಲ್ಲ. ಜಯಕುಮಾರನಿಗೆ ಬೆಳಗಿನ ಹೊತ್ತು ಮಾರುಕಟ್ಟೆ ಬಿಟ್ಟು ಬರಲಾಗದು. ರಾಮನಗರದ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ, ಪರೀಕ್ಷೆಗಳು ಮುಗಿಯುವವರೆಗೆ ಬೈರಾಪಟ್ಟಣದಲ್ಲಿ ಇಟ್ಟುಕೊಳ್ಳುತ್ತೇನೆ ಎಂದ. ಅಂದರೆ ಮಂಜು ಹರಿಯುವ ಮುಂಚೆಯೇ ಹುಡುಗಿ ಏರಿ ದಾಟಬೇಕು. ಕೆರೆಯ ಹಿಂದಿನ ದಾರಿ ಮಳೆಗೆ ಮುಳುಗಿತ್ತು.

ಬೇಡವೆಂದುಬಿಡಲೇ ಎಂದು ಅವಳು ಹಗಲೆಲ್ಲ ಯೋಚಿಸಿದಳು. ಬೇಡವೆಂದರೆ ಹುಡುಗಿ ಉಳಿಯುತ್ತಾಳೆ, ಓದು ಹೋಗುತ್ತದೆ. ಹೂಂ ಎಂದರೆ? ಕೊನೆಗೆ ಹಳಬರು ಮಾಡುತ್ತಿದ್ದುದನ್ನೇ ಮಾಡಿದಳು. ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿದ್ದ, ಎತ್ತಿನ ಲಾಳದಿಂದ ಕಿತ್ತ ಒಂದು ಮೊಳೆಯನ್ನು ಬೇವಿನ ಸೊಪ್ಪಿನಲ್ಲಿ ಸುತ್ತಿ, ಭಾನುವಿನ ಚೀಲದ ಮೂಲೆಗೆ ತುರುಕಿದಳು. ಕಬ್ಬಿಣ ಕಂಡರೆ ಅಂಥ ಅಲೆಯುವ ಜೀವಗಳು ಮುಟ್ಟುವುದಿಲ್ಲ.

ಹೊರಡುವ ಬೆಳಿಗ್ಗೆ ದೇವರಿಗೆ ಕೈ ಮುಗಿದು, ಪೆನ್ನು ಸರಿಯಾಗಿದೆಯೇ ಎಂದು ಚೀಲ ತಡಕಿದ ಭಾನುವಿನ ಬೆರಳಿಗೆ ಆ ಮೊಳೆ ಚುಚ್ಚಿತು. ತೆಗೆದು ನೋಡಿದಳು.

"ಇದ್ಯಾತಕ್ಕಜ್ಜಿ?"

"ಇರ್ಲಿ. ದಾರೀಲಿ ಬೇಕಾಯ್ತದೆ."

"ಆನೆ ಮೊಳೆಗೆ ಹೆದರ್ತದಾ?"

ಶಿವಲಿಂಗಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹುಡುಗಿ ಮೊಳೆಯನ್ನೂ ಅಜ್ಜಿಯನ್ನೂ ನೋಡಿದಳು.

"ಅಪ್ಪನಿಗಾ?"

ಭಾನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೊಳೆಯನ್ನು ಅಜ್ಜಿಯ ಅಂಗೈಗೆ ಇಟ್ಟು ಬೆರಳು ಮಡಿಸಿದಳು. "ನಂಗೆ ಆನೆ ಕಂಡ್ರೆ ಜೀವ ಹೋಯ್ತದೆ ಅಜ್ಜಿ. ಈಗ್ಲೂ ಕಾಲು ನಡುಗ್ತಾವೆ. ಆದ್ರೆ ಅಪ್ಪ ಅಲ್ಲಿದ್ರೆ ಇರ್ಲಿ. ಇದ್ರೆ ಬಸ್ಸು ಹತ್ತುಸ್ತಾನೆ, ಇನ್ನೇನು ಮಾಡ್ತಾನೆ?"

"ನಡಿ," ಎಂದಳು ಶಿವಲಿಂಗಮ್ಮ. "ನಾನೂ ಬತ್ತೀನಿ."

ಮಂಜು ಕೆರೆಯ ಮೇಲೆ ಹಾಲಿನ ಕೆನೆಯಂತೆ ಕಟ್ಟಿತ್ತು. ಅಜ್ಜಿ ಮೊಮ್ಮಗಳು ಕೈ ಹಿಡಿದು ಏರಿ ಹತ್ತಿದರು. ಅರ್ಧ ದಾರಿಯಲ್ಲಿ ಭಾನು ತಟ್ಟನೆ ನಿಂತಳು. ಮುಂದೆ ನೆಲದ ಮೇಲೆ ಆನೆಯ ಲದ್ದಿ. ಅದರಿಂದ ಇನ್ನೂ ಹಬೆ ಏಳುತ್ತಿತ್ತು.

ಕೆಳಗಿನ ಬಿದಿರಿನಲ್ಲಿ ಏನೋ ಲಟಕ್ಕೆಂದು ಮುರಿಯಿತು.

ಓಡಬಾರದು ಎಂದು ಅನಂತರಾಜುವೇ ಹೇಳಿಕೊಟ್ಟಿದ್ದ. ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಹುಡುಗಿಯ ಉಗುರು ಶಿವಲಿಂಗಮ್ಮನ ಮುಂಗೈಗೆ ಇಳಿದಿತ್ತು. ಮತ್ತೊಮ್ಮೆ ಲಟಕ್. ಆಮೇಲೆ ಒಂದು ನಿಟ್ಟುಸಿರಿನಂಥ ಸದ್ದು, ದೊಡ್ಡ ಪ್ರಾಣಿಯದು, ತೀರ ಹತ್ತಿರದಿಂದ. ಗಾಳಿ ಅವರ ಮುಖಕ್ಕೆ ಬೀಸುತ್ತಿತ್ತು. ಅದರ ವಾಸನೆ ಇವರಿಗೆ ಬರುತ್ತಿತ್ತು. ಇವರದು ಅದಕ್ಕೆ ಹೋಗಿರಲಾರದು. ಎಷ್ಟು ಹೊತ್ತು ಹಾಗೆ ನಿಂತರೋ. ಕೊನೆಗೆ ಬಿದಿರು ಅಲುಗುವುದು ದೂರ ಸರಿಯುತ್ತ, ಸರಿಯುತ್ತ, ಕಾಡಿನ ಕಡೆ ಇಳಿಯಿತು.

"ನಡಿ ಮಗ. ನಿಲ್ಬ್ಯಾಡ."

ಹೊಂಗೆ ಮರದ ಕೆಳಗೆ ಹಾಯುವಾಗ ಶಿವಲಿಂಗಮ್ಮ ಕಣ್ಣು ಮುಚ್ಚಿಕೊಂಡಳು. ಹುಡುಗಿ ಮುಚ್ಚಿಕೊಳ್ಳಲಿಲ್ಲ. "ಓಗ್ಬತ್ತೀನಿ ಅಪ್ಪ," ಎಂದು ಮೆಲ್ಲಗೆ ಹೇಳಿದ್ದು ಅಜ್ಜಿಗೆ ಕೇಳಿಸಿತು.

ಬಸ್ಸು ಬಂತು. ಕಿಟಕಿಯಿಂದ ಭಾನು ಕೈ ಹೊರಗಿಟ್ಟಳು. ಬಸ್ಸು ತಿರುವು ದಾಟುವವರೆಗೂ ಆ ಕೈ ಕಾಣುತ್ತಿತ್ತು.

ಇನ್ನು ಅವಳೊಬ್ಬಳೇ ಹಿಂದಿರುಗಬೇಕು. ಬಿಸಿಲೇರುವವರೆಗೆ ರಸ್ತೆಯಲ್ಲೇ ಕೂತಿರಬಹುದಿತ್ತು. ಆದರೆ ಮನೆಯಲ್ಲಿ ಹಸು ಹಾಲು ಕರೆಸಿಕೊಳ್ಳದೆ ನಿಂತಿತ್ತು. ಹೆಜ್ಜೆಗೊಮ್ಮೆ ಕಿವಿಗೊಡುತ್ತ ಏರಿ ಹತ್ತಿದಳು. ಹೊಂಗೆ ಮರದ ಹತ್ತಿರ ಬಂದಾಗ ಬೇರಿನ ಮೇಲೆ ಕೂತುಬಿಟ್ಟಳು. ಈ ಸಲ ಕಣ್ಣು ತೆರೆದೇ ಇದ್ದಳು. ಮಂಜು ಹರಿಯುತ್ತಿತ್ತು. ಕೆಳಗೆ ಉದುರಿದ ಹೊಂಗೆಕಾಯಿ, ಯಾರದೋ ಬೀಡಿಯ ತುಂಡು. ಬೇರೇನೂ ಇರಲಿಲ್ಲ. ಆದರೂ ಭಯ ಹೋಗಲಿಲ್ಲ. ಆ ಭಯದಲ್ಲೇ ಅಂಗೈ ಬಿಚ್ಚಿ, ಅಲ್ಲಿಯವರೆಗೂ ಬಿಗಿ ಹಿಡಿದಿದ್ದ ಮೊಳೆಯನ್ನು ಕೆರೆಗೆ ಎಸೆದಳು.

"ಅನಂತು," ಎಂದಳು. ಅವನು ಹೋದಾಗಿನಿಂದ ಆ ಹೆಸರನ್ನು ಅವಳು ಬಾಯಿಬಿಟ್ಟು ಕರೆದಿರಲಿಲ್ಲ. "ಕೂಸು ಬಸ್ಸು ಹತ್ತುದ್ಲು ಕಣಪ್ಪ. ಪರೀಕ್ಷೆ ಬರೀತಾಳೆ. ನೀನು ಇಲ್ಲಿದ್ದೀಯೋ, ಇಲ್ವೋ, ನಂಗೆ ಗೊತ್ತಾಗಾಕಿಲ್ಲ. ಇದ್ರೆ, ಇನ್ನು ಕಾಯ್ಬ್ಯಾಡ ಮಗ."

ಆಮೇಲೆ ಸೆರಗು ಹೊದ್ದು, ಕಬ್ಬಾಳಮ್ಮನ ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದಳು.

"ತಾಯಿ, ನನ್ನ ಮಗ ನೋವುಂಡು ಹೋದವನು. ಅವನ ಉಸಿರು ಭಯದಲ್ಲಿ ನಿಂತಿತು. ಅವನ ಜೀವ ಭಯದಲ್ಲಿ ಅಲೆಯದಿರಲಿ. ಹಸಿವು ಬಾಯಾರಿಕೆ ಅವನನ್ನು ಮುಟ್ಟದಿರಲಿ. ಕತ್ತಲಲ್ಲಿ ದಾರಿ ಕಾಣದಿದ್ದರೆ ನಿನ್ನ ದೀಪ ತೋರಿಸು. ಹಿಂದಿರುಗಿ ನೋಡದ ಹಾಗೆ ಕೈ ಹಿಡಿದು ನಡೆಸಿಕೋ. ನಿನ್ನ ಮಡಿಲಲ್ಲಿ ಅವನಿಗೆ ಶಾಂತಿ ಕೊಡು ತಾಯಿ, ಶಾಂತಿ ಕೊಡು."