ಬಿಳಿಯೊಳಗಿನ ಒಂದು ಹನಿ ಕಪ್ಪು

ಎರ್ಮೆಲಿಂಡಾ ಜಾನ್‌ಫೊರ್ಲಿನ್ ಎಂಬ ಚಿತ್ರಕಲಾವಿದೆ ನಲವತ್ತು ವರ್ಷಗಳಿಂದ ಆಡುತ್ತಾ ಬಂದಿದ್ದ ಮಾತೊಂದು ಸುಳ್ಳೆಂದು ತಿಳಿದದ್ದು ದೂರವಾಣಿಯಲ್ಲಿ. ಸಾವೊ ಪಾಲೊದ ಕಲಾಭವನದಲ್ಲಿ ಅವರ ಸಮಗ್ರ ಪ್ರದರ್ಶನಕ್ಕೆ ಇನ್ನು ಹನ್ನೆರಡೇ ದಿನ ಉಳಿದಿದ್ದವು. ಸಾಗಿಸುವಾಗ ‘ಸಮತಲ ಏಳು’ ಎಂಬ ಚಿತ್ರದ ಮೂಲೆಯೊಂದು ಕೆರೆದುಹೋಗಿತ್ತು. ಅದನ್ನು ಸರಿಪಡಿಸಲು ಕುಳಿತಿದ್ದ ಮಿತಿಕೊ ಕುರೋಡಾ ಎಂಬ ಸಂರಕ್ಷಕಿ ಕರೆ ಮಾಡಿದ್ದಳು. ಎಲ್ಲರಂತೆ ಅವಳೂ ಆಕೆಯನ್ನು ಗೌರವದಿಂದ ‘ದೋನಾ’ ಎನ್ನುತ್ತಿದ್ದಳು.

“ದೋನಾ, ಮೈಕ್ರೊಸ್ಕೋಪಲ್ಲಿ ನೋಡ್ದೆ. ಬಿಳಿ ಒಳಗೆ ಕಪ್ಪು ಕಣ ಇವೆ. ಮೇಲೆ ಕೂತ ಧೂಳಲ್ಲ, ಬಣ್ಣದ ಜೊತೇಲೇ ಕಲೆಸಿರೋದು. ಎಷ್ಟು ಹಾಕಿದ್ರಿ ಹೇಳಿ, ಅದೇ ಹದಕ್ಕೆ ತರ್ತೀನಿ.”

ಏನೂ ಹಾಕಿಲ್ಲ ಎಂಬ ಉತ್ತರ ಎರ್ಮೆಲಿಂಡಾ ಅವರ ನಾಲಿಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತು. ಆ ಬಣ್ಣವನ್ನು ಅವರು ಕಲೆಸಿರಲೇ ಇಲ್ಲ. ನಾಳೆ ಹೇಳುತ್ತೇನೆಂದು ಕರೆ ಮುಗಿಸಿದರು.

‘ಸಮತಲ ಏಳು’ ಮರದ ಹಲಗೆಯ ಮೇಲಿನ ಒಂದೂಕಾಲು ಮೀಟರಿನ ಬಿಳಿಯ ಚೌಕ. ಕೂದಲೆಳೆಯಷ್ಟು ತೆಳ್ಳನೆಯ ಸೀಳೊಂದು ಅದನ್ನು ಓರೆಯಾಗಿ ಎರಡು ಮಾಡುತ್ತದೆ, ಬೇರೇನೂ ಇಲ್ಲ. ೧೯೫೮ರಲ್ಲಿ ಅದನ್ನು ಮೊದಲು ನೋಡಿದವರು, ಚಿತ್ರ ಬಿಡಿಸುವುದನ್ನೇ ಮರೆತಿರಾ ಎಂದು ನಕ್ಕಿದ್ದರು. ಅನಂತರದ ಎರಡು ತಲೆಮಾರುಗಳು ಅದನ್ನೇ ಪಾಠವಾಗಿ ಓದಿದವು. ಕಟ್ಟಡದ ಗೋಡೆ, ಪುಸ್ತಕದ ಹೊದಿಕೆ, ಗಾಜಿನಲ್ಲಿಯೂ ಬಟ್ಟೆಯಲ್ಲಿಯೂ ಮಾಡಿದ ಹೊಸಬರ ಕೃತಿಗಳು—ಎಲ್ಲೆಡೆ ಆ ಸೀಳಿನ, ಆ ಬಿಳಿಯ ನೆರಳು ಕಾಣುತ್ತಿತ್ತು. ಏನನ್ನೂ ಬೆರೆಸದ ಶುದ್ಧ ಬಿಳಿ ಎಂದು ಎರ್ಮೆಲಿಂಡಾ ಪ್ರತಿ ಸಂದರ್ಶನದಲ್ಲಿಯೂ ಪ್ರತಿ ತರಗತಿಯಲ್ಲಿಯೂ ಹೇಳಿದ್ದರು.

ಅವರು ಸೇರಿದ್ದ ಕಲಾವಿದರ ಬಳಗದ ತತ್ವವೇ ಹಾಗಿತ್ತು. ಚಿತ್ರ ಹುಟ್ಟಬೇಕಾದದ್ದು ಅಳತೆಪಟ್ಟಿ ಕೈವಾರಗಳ ವಿಚಾರದಿಂದ. ಕುಂಚದ ಗುರುತು, ಕೈಯ ನಡುಕ ಇವೆಲ್ಲ ನಾಚಿಕೆಯ ಸಂಗತಿಗಳು. ಆದ್ದರಿಂದ ಎರ್ಮೆಲಿಂಡಾ ಚೌಕಳಿ ಕಾಗದದ ಮೇಲೆ ನಕ್ಷೆ ಬರೆದು, ಮೋಕಾ ಬಡಾವಣೆಯ ಗ್ಯಾರೇಜಿಗೆ ಒಯ್ದು ಕೊಡುತ್ತಿದ್ದರು. ಅಲ್ಲಿ ಟ್ಯಾಕ್ಸಿಗಳಿಗೂ ಆಂಬುಲೆನ್ಸುಗಳಿಗೂ ಬಣ್ಣ ಹೊಡೆಯುತ್ತಿದ್ದ ಒನೋಫ್ರೆ ಬಿಸ್ಪು ಸ್ಪ್ರೇ ಗನ್ ಹಿಡಿದು ಹನ್ನೊಂದು ಚಿತ್ರಗಳನ್ನು ಮಾಡಿಕೊಟ್ಟರು. ಕೂಲಿ ಸಂದಿತು. ಆದರೆ ಒಂದು ಪ್ರದರ್ಶನಕ್ಕೂ ಅವರಿಗೆ ಆಮಂತ್ರಣ ಹೋಗಲಿಲ್ಲ. ಕೇಳಿದವರಿಗೆಲ್ಲ, ಈ ಚಿತ್ರದಲ್ಲಿ ಕೈ ಎಂಬುದೇ ಇಲ್ಲ ಎಂದು ಎರ್ಮೆಲಿಂಡಾ ಹೆಮ್ಮೆಯಿಂದ ಹೇಳಿದರು. ಕೈಯ ಗುರುತನ್ನು ಅಳಿಸುವುದು ತತ್ವವಾಗಿರಬಹುದು. ಕೈಯುಳ್ಳ ಮನುಷ್ಯನನ್ನೇ ಅಳಿಸಿಹಾಕುವುದು ಯಾವ ತತ್ವ? ಓದಿದವರು, ನ್ಯಾಯದ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಆಡುತ್ತಿದ್ದವರು, ಆ ಬಳಗದಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಅವರು ಮೋಕಾಕ್ಕೆ ಹೋದರು. ಗ್ಯಾರೇಜಿದ್ದ ಕಡೆ ಔಷಧಿ ಅಂಗಡಿ ಬಂದಿತ್ತು. ಅಂಗಡಿಯವಳೇ ಹಿಂದಿನ ಬೀದಿಯ ಮನೆ ತೋರಿಸಿದಳು. ಎಪ್ಪತ್ತನಾಲ್ಕರ ಒನೋಫ್ರೆ ಆಕೆಯನ್ನು ಕಂಡೊಡನೆ ಗುರುತಿಸಿದರು, ಕುರ್ಚಿ ಒರೆಸಿದರು. ಅವರ ಹೆಂಡತಿ ಜಂದಿರಾ ಪುಟ್ಟ ಗಾಜಿನ ಲೋಟಗಳಲ್ಲಿ ಕಾಫಿಯನ್ನೂ ಮುಸುಕಿನ ಜೋಳದ ಹಿಟ್ಟಿನ ಕೇಕನ್ನೂ ತಂದಿಟ್ಟರು. ಕ್ಷೇಮಸಮಾಚಾರ ಮುಗಿಯುವಷ್ಟು ತಾಳ್ಮೆ ಎರ್ಮೆಲಿಂಡಾ ಅವರಿಗಿರಲಿಲ್ಲ.

“ಮೇಸ್ತ್ರಿ, ನನ್ನ ಬಿಳಿಗೆ ಏನು ಹಾಕಿದ್ರಿ?”

ಒನೋಫ್ರೆ ತಲೆ ತಗ್ಗಿಸಿದರು. ಜಂದಿರಾ ನಕ್ಕುಬಿಟ್ಟರು. “ಈಗ ಹೇಳ್ರಿ. ನಲವತ್ತು ವರ್ಷ ಪಾದ್ರಿಗೂ ಹೇಳ್ದೆ ಹೊಟ್ಟೇಲಿ ಇಟ್ಕೊಂಡಿದ್ರಲ್ಲ.”

“ಕಪ್ಪು,” ಎಂದರು ಒನೋಫ್ರೆ. “ಲೀಟರಿಗೆ ಒಂದೇ ಹನಿ, ಬೆಂಕಿಕಡ್ಡಿ ತುದೀಲಿ. ಬರೀ ಬಿಳಿ ಹಲಗೇನ ಮುಚ್ಚಲ್ಲ ದೋನಾ, ಕೆಳಗಿನ ಕಂದು ಎದ್ದು ಕಾಣುತ್ತೆ. ಆಮೇಲೆ ಹಳೇ ಹಲ್ಲಿನ ಥರ ಕಾಣಕ್ಕೆ ಶುರುವಾಗುತ್ತೆ. ಆಂಬುಲೆನ್ಸಿಗೂ ನಾವು ಹಂಗೇ ಹಾಕ್ತಿದ್ದಿದ್ದು. ಏನೂ ಬೆರೆಸಬೇಡಿ ಅಂತ ನೀವು ಚೀಟೀಲಿ ಬರೆದಿದ್ರಿ. ನಾನು ಬೆರೆಸ್ದೆ.”

ಆಗಲೇ ಏಕೆ ಹೇಳಲಿಲ್ಲವೆಂದು ಆಕೆ ಕೇಳಿದರು. ಹೇಳಬೇಕೆಂದೇ ಇದ್ದೆ, ಅಷ್ಟರಲ್ಲಿ ಪತ್ರಿಕೆಯಲ್ಲಿ ಇಂಥ ಶುದ್ಧ ಬಿಳಿ ದೇಶದಲ್ಲಿಯೇ ಇಲ್ಲವೆಂದು ಅಚ್ಚಾಯಿತು, ಬಾಯಿಬಿಟ್ಟರೆ ನಿಮ್ಮ ಮಾತು ಸುಳ್ಳಾಗುತ್ತಿತ್ತು ಎಂದು ಒನೋಫ್ರೆ ಮೆಲ್ಲಗೆ ಹೇಳಿದರು.

ಎರ್ಮೆಲಿಂಡಾ ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಳಗದ ಗೆಳೆಯರು ಏನನ್ನೂ ಬೆರೆಸದೆ ಮಾಡಿದ ಬಿಳಿಯ ಚಿತ್ರಗಳು ಅವರ ಕಣ್ಣೆದುರು ಬಂದವು. ಅವು ಹಳದಿಗೆ ತಿರುಗಿ, ಈಗ ಯಾವ ಯಾವುದೋ ಉಗ್ರಾಣಗಳಲ್ಲಿ ಮುಖ ಗೋಡೆಗೆ ಮಾಡಿ ನಿಂತಿದ್ದವು. ತಮ್ಮದು ಮಾತ್ರ ಬಾಳಿತ್ತು, ಬಾಳಿದ್ದರಿಂದಲೇ ಇತರರಿಗೆ ಪಾಠವಾಗಿತ್ತು. ಈ ಮನುಷ್ಯ ತನ್ನ ಕಸುಬಿಗೆ ಎರಡು ಬಗೆಯಲಾರದೆ ಆಜ್ಞೆಯನ್ನು ಮೀರಿದ್ದರು; ಮೀರಿದ್ದರ ಕೀರ್ತಿಯನ್ನೆಲ್ಲ ಆಜ್ಞೆ ಕೊಟ್ಟವಳಿಗೇ ಬಿಟ್ಟು ಸುಮ್ಮನಿದ್ದರು.

“ನೀವು ನನ್ನ ಮಾತು ಕೇಳ್ದೇ ಇದ್ದದ್ದು ದೊಡ್ಡ ಉಪಕಾರ, ಮೇಸ್ತ್ರಿ.”

“ಎರಚಿದ್ದು ಇವರು, ಸರಿ,” ಎಂದು ಜಂದಿರಾ ಲೋಟಗಳನ್ನು ಒಟ್ಟುಮಾಡುತ್ತಾ ನಡುವೆ ಬಾಯಿ ಹಾಕಿದರು. “ಒಂದೊಂದು ಪದರಾನೂ ಉಪ್ಪುಕಾಗದ, ನೀರು ಹಾಕಿ ಉಜ್ಜಿ ಕನ್ನಡಿ ಥರ ಮಾಡಿದ್ದು ಯಾರು ಅಂತ ನೀವು ಕೇಳ್ಲೇ ಇಲ್ಲ.”

ಎರ್ಮೆಲಿಂಡಾ ಅವರ ಮುಖ ಕೆಂಪಾಯಿತು. ಅದೂ ಅವರಿಗೆ ಗೊತ್ತಿರಲಿಲ್ಲ.

ಸೋಮವಾರ ಗಂಡಹೆಂಡಿರಿಬ್ಬರೂ ಕಲಾಭವನದ ದುರಸ್ತಿ ಕೋಣೆಗೆ ಬಂದರು. ಒನೋಫ್ರೆ ಮೊದಲು ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದರು, ಅನಂತರವೇ ಡಬ್ಬಿ ತೆರೆದರು. ಮಾದರಿಯ ಮೊದಲ ಚೂರು ನೀಲಿಗೆ ವಾಲಿತು, ಎರಡನೆಯದು ಕೊಂಚ ಮಂಕಾಯಿತು. ಮೂರನೆಯದು ಒಣಗಿದ ಮೇಲೆ ಚಿತ್ರದ ಪಕ್ಕ ಹಿಡಿದಾಗ ಮಿತಿಕೊ ಯಾವುದು ಯಾವುದೆಂದು ಹೇಳಲಾರದೆ ಹೋದಳು. ಒನೋಫ್ರೆ ಅದೇ ಬಣ್ಣವನ್ನು ಮೂಲೆಗೆ ಎರಚಿ ಗಟ್ಟಿಯಾಗಲು ಬಿಟ್ಟರು; ಗುರುವಾರ ಜಂದಿರಾ ಮತ್ತೆ ಬಂದು ಮೂಲೆಯನ್ನು ಉಜ್ಜಿದರು. ಗಾಯ ಎಲ್ಲಿತ್ತೆಂಬುದೇ ತಿಳಿಯದಂತಾಯಿತು.

ಉಳಿದದ್ದು ಒಂದು ಸಹಿ. ಚಿತ್ರವನ್ನು ಕಲ್ಪಿಸಿ ಮಾಡಿದವರು ಎರ್ಮೆಲಿಂಡಾ ಒಬ್ಬರೇ, ಬಿಳಿಗೆ ಏನನ್ನೂ ಬೆರೆಸಿಲ್ಲ ಎಂಬ ಹೇಳಿಕೆಯನ್ನು ಕಲಾಭವನದ ನಿರ್ದೇಶಕ ಲಿಯೊಪೋಲ್ಡೊ ಬೆರಳಚ್ಚು ಮಾಡಿಸಿ ತಂದಿದ್ದರು. ಮೂವರು ವಿದ್ವಾಂಸರ ಲೇಖನಗಳು ಆ ಶುದ್ಧತೆಯ ಮೇಲೆಯೇ ನಿಂತಿದ್ದವು. ಆ ಲೇಖನಗಳಿದ್ದ ಪ್ರದರ್ಶನದ ಪುಸ್ತಕ ಆಗಲೇ ಅಚ್ಚಾಗಿತ್ತು. ನಿಜ ಗೊತ್ತಿದ್ದೂ ಆತ ಲೇಖನಿ ಚಾಚಿದರು. ವಿದ್ಯಾವಂತರು ಸುಳ್ಳನ್ನು ಎಷ್ಟು ನಯವಾಗಿ ಮುಂದಿಡುತ್ತಾರೆ!

“ಒಂದು ಹನಿ, ದೋನಾ. ಒಂದು ಹನಿಗೋಸ್ಕರ ಇಡೀ ಪುಸ್ತಕ ಹಾಳು ಮಾಡ್ಬೇಕಾ? ಜನ ನಿಮ್ಮನ್ನೇ ಸುಳ್ಳುಗಾತಿ ಅಂತಾರೆ.”

“ಅನ್ನಲಿ. ತಿಳ್ಕೊಳ್ಳೋ ಗೋಜಿಗೆ ಹೋಗ್ದೆ ಹೇಳ್ದೆ, ಅದು ಸುಳ್ಳೇ. ಮೇಸ್ತ್ರಿ ಹೆಸರೂ ಜಂದಿರಾ ಹೆಸರೂ ಗೋಡೆ ಮೇಲೆ ಬರ್ಬೇಕು.”

“ಫಲಕದಲ್ಲಿ ಇನ್ನೆರಡು ಹೆಸರಿಗೆ ಜಾಗ ಇಲ್ಲ.”

“ಹಂಗಾದ್ರೆ ನನ್ನದನ್ನ ತೆಗೀರಿ. ಉದ್ದನೇ ಹೆಸರು, ಬೇಕಾದಷ್ಟು ಜಾಗ ಆಗುತ್ತೆ.”

ಲಿಯೊಪೋಲ್ಡೊ ಕಾಗದವನ್ನು ಮಡಿಸಿಕೊಂಡು ಹೋದರು. ಎರಡು ದಿನ ಕಾದು, ಹೆಸರುಗಳು ಬರದಿದ್ದರೆ ಆಕೆ ಚಿತ್ರವನ್ನೇ ಹಿಂದಕ್ಕೆ ಪಡೆಯುತ್ತಾರೆಂದು ಖಚಿತವಾದ ಮೇಲೆ ದೊಡ್ಡ ಫಲಕ ಮಾಡಿಸಿದರು. ಮೂರೂ ಹೆಸರುಗಳು ಒಂದೇ ಗಾತ್ರದ ಅಕ್ಷರದಲ್ಲಿ ಬಂದವು, ಯಾರು ಯಾವ ಕೆಲಸ ಮಾಡಿದರೆಂಬ ವಿವರದೊಡನೆ. ಪ್ರತಿ ಪುಸ್ತಕದೊಳಗೂ ಒಂದು ಚೀಟಿ ಸೇರಿತು. ತಾವು ಹೇಳುತ್ತಿದ್ದುದು ತಪ್ಪೆಂದೂ ಚಿತ್ರ ಉಳಿದದ್ದು ಯಾರಿಂದಲೆಂದೂ ಎರ್ಮೆಲಿಂಡಾ ಅದರಲ್ಲಿ ನಾಲ್ಕು ವಾಕ್ಯ ಬರೆದಿದ್ದರು.

ಉದ್ಘಾಟನೆಯ ಮಧ್ಯಾಹ್ನ ವಿದ್ವಾಂಸರಲ್ಲೊಬ್ಬರು ಆ ಚೀಟಿ ಓದಿ, ಮುಖ ಗಂಟಿಕ್ಕಿಕೊಂಡು ಹೊರಟೇಹೋದರು. ಕಲಾಶಾಲೆಯ ಹುಡುಗ ಹುಡುಗಿಯರು ಫಲಕ ಓದಿ ಒನೋಫ್ರೆಯವರನ್ನು ಸುತ್ತುವರಿದರು. ತಾವೂ ಬಿಳಿಯ ಮೇಲೆ ಬಿಳಿ ಮಾಡುತ್ತಿದ್ದೇವೆ, ಆದರೆ ಇಷ್ಟು ನಿಶ್ಚಲವಾಗಿ ಬರುವುದಿಲ್ಲ, ಏಕೆಂದು ಕೇಳಿದರು. ಇಸ್ತ್ರಿ ಅಂಗಿ ತೊಟ್ಟು ಮುದುರಿ ನಿಂತಿದ್ದ ಒನೋಫ್ರೆ, ಕೆಲಸದ ಮಾತು ಬಂದೊಡನೆ ನೆಟ್ಟಗಾದರು.

“ಕಪ್ಪು ಗಾಡೀಲಿ ನೆಗ್ಗಿದ್ದು ಕಾಣುತ್ತೆ, ಬಿಳಿ ಗಾಡೀಲಿ ಧೂಳು ಕಾಣುತ್ತೆ. ಒಂದು ಸೊಳ್ಳೆ ಬಂದು ಕೂತ್ರೆ ಇಡೀ ದಿನದ ಕೆಲಸ ಹೋಯ್ತು. ತಾಳ್ಮೆ ಇದ್ದೋರು ಮಾತ್ರ ಬಿಳಿ ಮುಟ್ಟಿ.”

ಎರ್ಮೆಲಿಂಡಾ ಕುರ್ಚಿಯೊಂದನ್ನು ಎಳೆದುಕೊಂಡು ವಿದ್ಯಾರ್ಥಿಗಳ ನಡುವೆ ಕುಳಿತರು. ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡರು. ಹಲಗೆಯ ಎರಡೂ ಮೈಗೆ ಪ್ರೈಮರ್ ಬಳಿಯಬೇಕು, ಒಂದೇ ಕಡೆ ಬಳಿದರೆ ಸೊಟ್ಟಗಾಗುತ್ತದೆ, ಬಳಿದ ಮೇಲೆ ಎರಡು ದಿನ ಒಣಗಲು ಬಿಡಬೇಕು ಎಂದು ಒನೋಫ್ರೆ ಹೇಳುತ್ತಾ ಹೋದರು. ನಿಧಾನವಾಗಿ ಹೇಳಿ ಮೇಸ್ತ್ರಿ, ಬರೆದುಕೊಳ್ಳುತ್ತಿದ್ದೇನೆ ಎಂದು ಆಕೆ ಬೇಡಿಕೊಂಡರು.

“ಎರಡಲ್ಲ, ಮೂರು,” ಎಂದರು ಜಂದಿರಾ, ಗಂಡನ ತೋಳು ತಟ್ಟಿ. “ಉಜ್ಜೋಳಿಗೆ ಗೊತ್ತು.”

ಎರ್ಮೆಲಿಂಡಾ ಎರಡು ಎಂಬುದನ್ನು ಹೊಡೆದುಹಾಕಿ ಮೂರು ಎಂದು ಬರೆದರು. ಪಕ್ಕದಲ್ಲಿ ಜಂದಿರಾ ಹೇಳಿದ್ದು ಎಂದೂ ಸೇರಿಸಿದರು.