ಇನ್ನೊಬ್ಬರ ಹೆಸರಿನ ರಕ್ತ

ಬಾಗಿಲನ್ನು ಒಂದು ಗೇಣು ತೆರೆದು ನಿಂತ ರಮ್ಯಶ್ರೀ ತನ್ನ ಹೆಸರು ಹೇಳಿದಳು, ವಯಸ್ಸು ಮೂವತ್ತೊಂಬತ್ತು ಎಂದಳು, ಬೆರಳು ಮಾತ್ರ ಕೊಡಲಿಲ್ಲ. ಸಮೀಕ್ಷೆಗೆ ಬಂದಿದ್ದ ಹಂಸ ನಕ್ಕು ನೋಡಿದಳು, ಒಂದೇ ಒಂದು ಹನಿ ರಕ್ತ ಸಾಕು ಎಂದು ಗೋಗರೆದಳು. ದೇಶದಲ್ಲಿ ಎಷ್ಟು ಜನಕ್ಕೆ ತೂಕವೂ ಹೆಚ್ಚಿದೆ, ಸಕ್ಕರೆ ಕಾಯಿಲೆಯೂ ಇದೆ ಎಂದು ತಿಳಿಯುವ ಸಮೀಕ್ಷೆ ಇದು, ಈ ಮನೆಯನ್ನು ಮೇಲಿನವರೇ ಆರಿಸಿದ್ದಾರೆ ಎಂದೂ ಹೇಳಿದಳು.

"ಮೀಟಿಂಗ್ ಇದೆ ರೀ ನಂಗೆ. ನೀವೇ ಏನಾದ್ರೂ ಹಾಕ್ಕೊಂಡ್ಬಿಡಿ," ಎಂದು ರಮ್ಯಶ್ರೀ ಬಾಗಿಲು ಹಾಕಿಕೊಂಡಳು.

ಮಹದೇವಪುರದ ಆ ಅಪಾರ್ಟ್‌ಮೆಂಟಿನಲ್ಲಿ ಅವತ್ತು ಮುಚ್ಚಿದ ಐದನೆಯ ಬಾಗಿಲು ಅದು. ಹಂಸ ವಾಸವಿರುವ ಹೊಸ ತಿಪ್ಪಸಂದ್ರದಲ್ಲಾದರೆ ಜನ ಕೂರಿಸಿ ನೀರು ಕೊಡುತ್ತಿದ್ದರು, ಮುದುಕಿಯರು ತಾವಾಗಿಯೇ ಬಂದು ತಕ್ಕಡಿ ಹತ್ತುತ್ತಿದ್ದರು. ಇಲ್ಲಿ ಬೆರಳಿಗೂ ಬರ. ಐದು ಮನೆ ತಪ್ಪಿದರೆ ಇಡೀ ಬ್ಲಾಕನ್ನು ಮತ್ತೆ ಮಾಡಬೇಕು. ಮನೆಯಲ್ಲೇ ಕೂತು ಫಾರಂ ತುಂಬಿದ ಇಬ್ಬರನ್ನು ಹೋದ ತಿಂಗಳಷ್ಟೇ ಕೆಲಸದಿಂದ ತೆಗೆದಿದ್ದರು, ಆದ್ದರಿಂದ ಆ ದಾರಿಯೂ ಇಲ್ಲ.

ಹಂಸ ಸುಳ್ಳು ಬರೆಯುವವಳಲ್ಲ. ಅದೇ ಅವಳ ಗ್ರಹಚಾರವಾಯಿತು. ಬಾಯಿಗೆ ಬಂದ ಅಂಕಿ ಬರೆದರೆ ತಾನೆ ಮೋಸ, ಒಂದು ಹೆಂಗಸಿನ ನಿಜವಾದ ರಕ್ತ ಕೊಟ್ಟರೆ ಮೋಸ ಹೇಗಾದೀತು ಎಂದು ಅವಳು ಲೆಕ್ಕ ಹಾಕಿದಳು. ರಮ್ಯಶ್ರೀಗೆ ಮೂವತ್ತೊಂಬತ್ತು, ತನಗೆ ನಲವತ್ತು. ಮೆಟ್ಟಿಲ ಬಳಿಯ ಮೂಲೆಗೆ ಹೋಗಿ, ಚಪ್ಪಲಿ ಬಿಟ್ಟು, ತಾನೇ ತಕ್ಕಡಿ ಹತ್ತಿದಳು. ಎಂಬತ್ತೆರಡು ಕೇಜಿ. ಸೊಂಟಕ್ಕೆ ಟೇಪು ಸುತ್ತಿದಳು, ನೂರಾ ನಾಲ್ಕು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬರುವ ಮೈಕೈ ತುಂಬಿಕೊಂಡ ಸೊಸೆ ಅವಳು. ಆಮೇಲೆ ಉಂಗುರದ ಬೆರಳನ್ನು ಚುಚ್ಚಿಕೊಂಡಳು.

ಯಂತ್ರ ಮುನ್ನೂರ ಅರವತ್ತೇಳು ತೋರಿಸಿತು.

ದಿನಕ್ಕೆ ಇಪ್ಪತ್ತು ಜನರ ಸಕ್ಕರೆ ನೋಡುವವಳಿಗೆ ಆ ಅಂಕಿಯ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಮಧ್ಯಾಹ್ನ ಕುಡಿದ ಬಾದಾಮಿ ಹಾಲಿನ ಪ್ರಭಾವ ಎಂದುಕೊಂಡಳು. ರಕ್ತ ಹಾಕುವ ಪಟ್ಟಿ ಹಳೆಯದಿರಬೇಕು ಎಂದುಕೊಂಡಳು. ಬಾಟಲಿಯಲ್ಲಿ ಉಳಿದ ನೀರನ್ನು ಒಂದೇ ಉಸಿರಿಗೆ ಕುಡಿದಳು. ಅವತ್ತಿನ ಮೂರನೆಯ ಬಾಟಲು ಅದು. ಅಂಕಿಗಳನ್ನು ರಮ್ಯಶ್ರೀಯ ಹೆಸರಿನಲ್ಲಿ ಟ್ಯಾಬಿಗೆ ಹಾಕಿ ಕಳಿಸಿಬಿಟ್ಟಳು. ಬಸ್ಸಿಳಿಯುವಾಗ ಬಲಗಾಲಿನ ಚಪ್ಪಲಿಯ ಹಿಂಬದಿಯ ಪಟ್ಟಿ ಕಿತ್ತುಬಂತು. ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಚಪ್ಪಲಿ ಹೊಲಿಯುವವನು ಹಿಮ್ಮಡಿಗೆ ಎರಡು ಮೊಳೆ ಹೊಡೆದುಕೊಟ್ಟ.

ಮನೆ ಮುಟ್ಟುವಷ್ಟರಲ್ಲಿ ಮೇಲ್ವಿಚಾರಕ ನಿತೀಶನ ಫೋನು ಬಂತು. ಹಲಸೂರಿನ ಹುಡುಗ, ಹಂಸಳಿಗಿಂತ ಹತ್ತು ವರ್ಷ ಚಿಕ್ಕವನು, ಕೆಲಸದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಮುನ್ನೂರು ದಾಟಿದವರ ಮನೆಗೆ ಮರುದಿನವೇ ಹೋಗಿ ಇನ್ನೊಮ್ಮೆ ನೋಡಿ, ಡಾಕ್ಟರ ಬಳಿ ಕಳಿಸಲೇಬೇಕು ಎಂಬುದು ನಿಯಮ.

"ಆ ರಮ್ಯಶ್ರೀ ಅನ್ನೋರು ಡೇಂಜರಲ್ಲಿದಾರೆ ಹಂಸಕ್ಕ. ನಾಳೆ ಬೆಳಿಗ್ಗೆ ನಾನೂ ಬರ್ತೀನಿ."

ಹಂಸ ಭಯದಿಂದಲೇ ಆಯ್ತು ಸರ್ ಎಂದು ಫೋನಿಟ್ಟಳು. ಕೆಲಸ ಹೋಗುತ್ತದೆ ಎಂಬ ಭಯ ಅದು ಎಂದೇ ಅವಳು ತಿಳಿದಳು. ಇನ್ನೊಂದು ಭಯವನ್ನು ಮನಸ್ಸಿನ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಬೆಳಿಗ್ಗೆ ರಿಂಗ್ ರಸ್ತೆಯಿಂದ ಅಪಾರ್ಟ್‌ಮೆಂಟಿನ ತನಕ ಇಬ್ಬರೂ ನಡೆದೇ ಹೋದರು. ಎಷ್ಟೋ ತಿಂಗಳಿಂದ ಹಂಸಳ ಪಾದಗಳು ಹತ್ತಿ ಸುತ್ತಿದಂತೆ ಮಂದವಾಗಿದ್ದವು. ಬಿಸಿಲಲ್ಲಿ ತಿರುಗುವವರ ಕಾಲು ಜಡ್ಡುಗಟ್ಟುತ್ತದೆ ಎಂದು ಸುಮ್ಮನಿದ್ದಳು. ಲಿಫ್ಟಿನಲ್ಲಿ, "ಸರ್, ಒಂದ್ ಮಾತು," ಎಂದು ಬಾಯಿ ತೆರೆದಳು. ನಿತೀಶ ತಿರುಗಿದ. ಅಷ್ಟರಲ್ಲಿ ಆರನೆಯ ಮಹಡಿ ಬಂತು, ಅವಳು ಬಾಯಿ ಮುಚ್ಚಿದಳು.

ನಿತೀಶ ಅಂಕಿ ಹೇಳಿದ ಮೇಲೆ ರಮ್ಯಶ್ರೀಯ ಮೀಟಿಂಗು ಮಾಯವಾಯಿತು. ನಿನ್ನೆ ತಾನು ಬೆರಳೇ ಕೊಡಲಿಲ್ಲವಲ್ಲ ಎಂದು ಕೇಳುವಷ್ಟು ಧೈರ್ಯವೂ ಅವಳಿಗೆ ಉಳಿದಿರಲಿಲ್ಲ. ಒಳಗೆ ಬನ್ನಿ ಎಂದಳು. ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು ಒಳಹೋಗಿ ಕೂತರು. ಕಡ್ಡಿಯಂತಿದ್ದ ರಮ್ಯಶ್ರೀ ತಕ್ಕಡಿ ಹತ್ತಿದಾಗ ಐವತ್ತೊಂದು ಬಂತು. ಬೆರಳು ಚುಚ್ಚಿದಾಗ ತೊಂಬತ್ತನಾಲ್ಕು. ನಿತೀಶ ಟ್ಯಾಬು ನೋಡಿದ, ರಮ್ಯಶ್ರೀಯನ್ನು ನೋಡಿದ. ಪಟ್ಟಿ ಬದಲಿಸಿ ತನ್ನ ಬೆರಳನ್ನೇ ಚುಚ್ಚಿಕೊಂಡ. ನೂರಾ ಒಂದು.

"ಯಂತ್ರ ಸರಿಯಾಗೇ ಇದೆ," ಎಂದ.

ಕುಂಬಳಕಾಯಿ ಕಳ್ಳನಂತೆ ಹಂಸ ಹೆಗಲು ಮುಟ್ಟಿಕೊಳ್ಳಬೇಕಾದ ಹೊತ್ತು ಅದು. ಅವಳು ಪಟ್ಟಿಗಳ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಳು. ಆಗ ರಮ್ಯಶ್ರೀ ಬಾಗಿಲ ಕಡೆ ಬೆರಳು ತೋರಿಸಿದಳು.

"ಅದೇನದು, ನೋಡಿ."

ಬಿಳಿಯ ಟೈಲ್ಸಿನ ಮೇಲೆ ಹೊಸ್ತಿಲಿನಿಂದ ಸೋಫಾದವರೆಗೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ಕೆಂಪು ಗುರುತು ಬಿದ್ದಿತ್ತು. ಕೊನೆಯ ಗುರುತು ಹಂಸಳ ಬಲ ಹಿಮ್ಮಡಿಯ ಅಡಿಯಲ್ಲಿ ಹರಡಿಕೊಳ್ಳುತ್ತಿತ್ತು. ಅವಳು ಕಾಲೆತ್ತಿ ನೋಡಿದಳು. ಯಾರದೋ ಕಾಲನ್ನು ನೋಡಿದಂತೆ ನೋಡಿದಳು.

ನಿತೀಶ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಷ್ಟ್ ದೂರ ನಡ್ಕೊಂಡ್ ಬಂದ್ರಲ್ಲ ಹಂಸಕ್ಕ. ನೋವಾಗ್ಲಿಲ್ವಾ?"

ಇಲ್ಲ ಎನ್ನಲು ಅವಳಿಗೆ ಹೆದರಿಕೆಯಾಯಿತು. ಅವನು ಕೇಳದೆಯೇ ಎಡಗೈಯ ಉಂಗುರದ ಬೆರಳನ್ನು ಮುಂದೆ ಚಾಚಿದಳು. ನಿನ್ನೆ ಚುಚ್ಚಿದ ಚುಕ್ಕೆ ಅಲ್ಲಿ ಇನ್ನೂ ಕಪ್ಪಗೆ ಕಾಣುತ್ತಿತ್ತು. ನಿತೀಶ ಹೊಸ ಪಟ್ಟಿ ಸಿಕ್ಕಿಸಿದ. ಯಂತ್ರ ಎಣಿಸತೊಡಗಿತು. ಹಂಸ ಅದರ ಕಡೆ ನೋಡಲಿಲ್ಲ. ತೆರೆದ ಬಾಗಿಲಿನಾಚೆ ಅವಳ ಬಲಗಾಲಿನ ಚಪ್ಪಲಿ ಒಂಟಿಯಾಗಿ ಸರಿದು ಬಿದ್ದಿತ್ತು, ಅದರ ಹಿಮ್ಮಡಿಯಲ್ಲಿ ಮೊಳೆಯೊಂದು ಕಾಲು ಅಂಗುಲ ಮೇಲೆದ್ದು ನಿಂತಿತ್ತು.