ಉದ್ಘಾಟನೆಯ ಗುಂಡು

ಮಧುಗಿರಿ ಬೆಟ್ಟ ಒಂದೇ ಕಲ್ಲಿನದು. ಏಷ್ಯಾದಲ್ಲಿ ಇದಕ್ಕೆ ಸಾಟಿಯಿಲ್ಲ ಎಂದು ನಾವು ಹೇಳಿಕೊಳ್ಳುತ್ತೇವೆ. ಕೇಳುವವರು ದೂರದ ಊರಿನವರಾದರೆ ಏಷ್ಯಾವನ್ನು ಪ್ರಪಂಚ ಎಂದು ತಿದ್ದುತ್ತೇವೆ. ಇಂಥ ಕಲ್ಲಿನ ಬುಡದಲ್ಲಿ ಹುಟ್ಟಿದವನು ತನ್ನ ಬಗ್ಗೆ ಅಳೆದು ತೂಗಿ ಮಾತಾಡಿದರೆ ಊರಿಗೇ ಅವಮಾನ. ಹುಣಸೆಹಣ್ಣಿನ ಮಂಡಿಯ ಪ್ರಭುದೇವ ಆ ಅವಮಾನವನ್ನು ಊರಿಗೆ ಎಂದೂ ತಂದವನಲ್ಲ. ಅವನು ಇಲ್ಲಿ ಸೀನಿದರೆ ಕೊರಟಗೆರೆಯಲ್ಲಿ ಶತಾಯುಸ್ಸು ಎನ್ನುತ್ತಿದ್ದರು, ಇಲ್ಲಿ ನಕ್ಕರೆ ಶಿರಾದ ಕೋಟೆಯಲ್ಲಿ ಪಾರಿವಾಳಗಳು ಏಳುತ್ತಿದ್ದವು. ಹಾಗೆಂದು ಅವನೇ ಹೇಳುತ್ತಿದ್ದ.

ಎಲ್ಲಕ್ಕಿಂತ ದೊಡ್ಡದು ಅವನ ಬಂದೂಕಿನ ಕಥೆ. ಹಿಂದೆ ಯಾವಾಗಲೋ ಕೊಡಿಗೇನಹಳ್ಳಿಯ ಹತ್ತಿರ ಸೋದರಮಾವನ ಕಡಲೆಕಾಯಿ ಹೊಲಕ್ಕೆ ಒಂದು ಕಾಡುಹಂದಿ ನುಗ್ಗಿತ್ತು. ಮಾವ ತನ್ನ ಲೈಸೆನ್ಸಿನ ಬಂದೂಕಿನಿಂದ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಪ್ರಭುದೇವ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ. ಹಂದಿ ಓಡಿಹೋಯಿತು. ನಡೆದದ್ದು ಇಷ್ಟೇ. ಆದರೆ ಹೋಟೆಲಿನಲ್ಲಿ ಹೇಳುತ್ತ ಹೇಳುತ್ತ ಬ್ಯಾಟರಿ ಮಾವನ ಕೈಗೆ ದಾಟಿತು, ಬಂದೂಕು ಇವನ ಕೈಗೆ ಬಂತು. ಮಾವ ತೀರಿಕೊಂಡ ಮೇಲೆ ಹಂದಿ ಕರಡಿಯಾಯಿತು. ಕರಡಿಯ ಬೆಲೆ ಇಳಿದಾಗ ಚಿರತೆಯಾಯಿತು. ಈಚೆಗೆ ಆ ಚಿರತೆಗೆ ಜೊತೆಗೊಂದು ಹೆಣ್ಣು ಚಿರತೆಯೂ ಕೂಡಿಕೊಂಡು, ಎರಡೂ ಒಂದೇ ಗುಂಡಿಗೆ ಉರುಳುತ್ತಿದ್ದವು.

ಇಷ್ಟು ದೊಡ್ಡ ಬೇಟೆಗಾರ ಬದುಕಿನಲ್ಲಿ ಒಂದು ಸಲವೂ ಟ್ರಿಗರ್ ಎಳೆದವನಲ್ಲ ಎಂಬ ಸತ್ಯ ಗೊತ್ತಿದ್ದದ್ದು ಇಬ್ಬರಿಗೇ: ಅವನಿಗೆ, ಮತ್ತು ಅವನ ಹೆಂಡತಿ ದಾಕ್ಷಾಯಣಮ್ಮನಿಗೆ. ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ಹೀಗಿರುವಾಗ ಶ್ರೀಲತಾ ಮೇಡಂ ಮಂಡಿಗೆ ಬಂದರು. ಪಾವಗಡದ ಕಡೆಯವರು, ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ, ಏರ್ ರೈಫಲ್ ಸ್ಪರ್ಧೆ ನಡೆಸುವುದಕ್ಕೆಂದೇ ಪರೀಕ್ಷೆ ಬರೆದು ಪಾಸಾದವರು. ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಒಂದು ಸ್ಪರ್ಧೆ ಇಡಬೇಕು, ಗೆದ್ದವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ, ಉದ್ದನೆಯ ಹಾಲ್ ಒಂದು ಬೇಕು ಎಂದರು. ಪ್ರಭುದೇವನ ಕಲ್ಯಾಣ ಮಂಟಪದ ಊಟದ ಹಾಲಿಗಿಂತ ಉದ್ದನೆಯದು ಭೂಮಿಯ ಮೇಲೆ ಇರಲಿಲ್ಲ. ಈ ತುದಿಯಲ್ಲಿ ಬಡಿಸಿದ ಪಾಯಸ ಆ ತುದಿಗೆ ಹೋಗುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಆಷಾಢದಲ್ಲಿ ಮದುವೆಗಳಿಲ್ಲದೆ ಅಲ್ಲಿ ಜೇಡಗಳಷ್ಟೇ ಸಂಸಾರ ಹೂಡುತ್ತಿದ್ದವು.

"ಬಾಡಿಗೆ ಬ್ಯಾಡ ಕಣಮ್ಮ" ಎಂದ ಪ್ರಭುದೇವ. "ಒಂದೇ ಕಂಡೀಷನ್. ಉದ್ಘಾಟನೆ ನಂದು. ಮೊದಲನೇ ಗುಂಡು ನಾನೇ ಹೊಡೆಯೋದು."

"ಆಗ್ಲಿ ಸಾರ್. ಹಿಂದಿನ ದಿನ ಸಾಯಂಕಾಲ ಮಕ್ಕಳಿಗೆ ಸೇಫ್ಟಿ ಕ್ಲಾಸ್ ಇರುತ್ತೆ. ನೀವೂ ಬಂದು ಕೂತ್ಕಳಿ."

ಪ್ರಭುದೇವ ಹುಣಸೆ ಮೂಟೆಗಳು ಅದುರುವ ಹಾಗೆ ನಕ್ಕ. "ನಂಗೆ ಕ್ಲಾಸಾ? ಕ್ಲಾಸ್ ಆಗೈತಾ ಅಂತ ಚಿರತೆ ಕೇಳ್ತಾ ನನ್ನ?"

"ಚಿರತೆ ಕೇಳಲ್ಲ ಸಾರ್. ನಾನು ಕೇಳ್ತೀನಿ."

ಮನೆಯಲ್ಲಿ ದಾಕ್ಷಾಯಣಮ್ಮನೂ ಅದನ್ನೇ ಹೇಳಿದಳು. "ಹೋಗಿ ಬಂದ್ಬುಡಿ ಅಂದ್ರೆ. ಮಿಕ್ಸಿ ತಂದಾಗ್ಲೂ ನಂಗೆಲ್ಲ ಗೊತ್ತು ಅಂದ್ರಿ. ಚಟ್ನಿ ಇವತ್ತಿಗೂ ಸೂರಲ್ಲೈತೆ."

ಪ್ರಭುದೇವ ಹೋಗಲಿಲ್ಲ. ಆ ಸಾಯಂಕಾಲವೆಲ್ಲ ಕನ್ನಡಿಯ ಮುಂದೆ ನಿಂತು, ಮೈಸೂರು ಪೇಟ ಇಟ್ಟುಕೊಂಡು, ಊರುಗೋಲಿನಿಂದ ಬೀರುವಿಗೆ ಗುರಿ ಇಡುತ್ತಿದ್ದ. ಅವನ ಎದೆಯಲ್ಲಿ ಒಂದೇ ಆಸೆ: ನಾಲ್ಕು ತಾಲ್ಲೂಕಿನ ಜನ ತನ್ನ ಕೈಯಲ್ಲಿ ಬಂದೂಕು ನೋಡಬೇಕು, ಗುಂಡಿನ ಸದ್ದು ಕೇಳಬೇಕು. ಒಂದು ಸಲ ಹಾಗಾಗಿಬಿಟ್ಟರೆ ಹಿಂದೆ ಬಿಟ್ಟ ರೈಲುಗಳೆಲ್ಲ ಒಟ್ಟಿಗೆ ನಿಲ್ದಾಣ ಸೇರುತ್ತವೆ.

ಭಾನುವಾರ ಬೆಳಗ್ಗೆ ಹಾಲಿನಲ್ಲಿ ಹತ್ತು ಸಾವಿರ ಜನ. ಕುರ್ಚಿಗಳಲ್ಲಿ ಕಂಡವರು ನೂರೈವತ್ತು ಮಂದಿ. ಉಳಿದವರನ್ನು ಪ್ರಭುದೇವನ ಲೆಕ್ಕದಿಂದ ತುಂಬಿಕೊಳ್ಳಬೇಕು. ಆ ತುದಿಯ ಗೋಡೆಗೆ ದಪ್ಪ ಹಲಗೆಗಳನ್ನು ಒರಗಿಸಿ ಗುರಿಯ ಕಾಗದ ಹಾಕುವ ಏರ್ಪಾಡಾಗಿತ್ತು. ಈ ತುದಿಯಲ್ಲಿ ನೆಲಕ್ಕೆ ಕೆಂಪು ಟೇಪಿನ ಗೆರೆ, ಗೆರೆಯ ಮೇಲೆ ಊಟದ ಮೇಜುಗಳು, ಮೇಜಿನ ಮೇಲೆ ಗೋಡೆಯತ್ತ ಬಾಯಿ ಮಾಡಿ ಮಲಗಿದ ರೈಫಲ್‌ಗಳು. ಒಂದೊಂದರ ಕೊಳವೆಯಲ್ಲೂ ಆ ತುದಿಯಿಂದ ಈ ತುದಿಗೆ ತೂರಿಸಿದ ಕಿತ್ತಳೆ ಬಣ್ಣದ ದಾರ.

ಶ್ರೀಲತಾ ಮೈಕ್ ಹಿಡಿದು ಹೇಳುತ್ತಿದ್ದರು. "ದಾರ ಎರಡೂ ಕಡೆ ಕಂಡ್ರೆ ಒಳಗೆ ಗುಂಡಿಲ್ಲ ಅಂತ. ನಾನು ಹೇಳೋವರೆಗೂ ದಾರ ತೆಗೆಯಂಗಿಲ್ಲ. ಮುಂದೆ ಯಾರಾದ್ರೂ ಇದ್ರೆ ಗನ್ ಮುಟ್ಟಂಗಿಲ್ಲ. ಖಾಲಿ ಇದ್ರೂ ತುಂಬೈತೆ ಅಂತ್ಲೇ ತಿಳ್ಕಬೇಕು. ಅದರ ಬಾಯಿ ಯಾವತ್ತೂ ಗೋಡೆ ಕಡೆ. ಯಾರೇ 'ಸ್ಟಾಪ್' ಅಂದ್ರೂ ಅದು ದೇವರ ಮಾತು."

ಮಕ್ಕಳು ತಲೆಯಾಡಿಸಿದರು. ಮುಖ್ಯ ಅತಿಥಿ ಆ ಹೊತ್ತಿನಲ್ಲಿ ಪಕ್ಕದ ಗೆಳೆಯ ಚಿಕ್ಕರಂಗಯ್ಯನನ್ನು ಪಿಸುದನಿಯಲ್ಲಿ ಕೇಳುತ್ತಿದ್ದ: "ಪೇಟ ವಾಲೈತೇನ್ಲಾ?"

"ಪೇಟ ಸರಿಯಾಗೈತೆ ಕಣಣ್ಣ. ತಲೆ ವಾಲೈತೆ."

ಶ್ರೀಲತಾ ಗುರಿಯ ಕಾಗದವೊಂದನ್ನು ಕೈಗೆತ್ತಿಕೊಂಡರು. "ಸಾರ್, ನಿಮ್ಮ ಕಾಗದ ಹಾಕ್ಬುಟ್ಟು ಬರ್ತೀನಿ. ಅಲ್ಲೀತನಕ ಗನ್ ಮುಟ್ಬೇಡಿ" ಎಂದು ಹೇಳಿ ಗೋಡೆಯ ಕಡೆ ನಡೆದರು.

ಪ್ರಭುದೇವ ಮೇಜಿನ ಮುಂದೆ ನಿಂತ. ಅವನ ಕಣ್ಣು ಕಿತ್ತಳೆ ದಾರದ ಮೇಲೆ ಬಿತ್ತು. ಇದು ಇಪ್ಪತ್ತು ವರ್ಷದಿಂದ ಬಟ್ಟೆ ಅಂಗಡಿ, ಕ್ಲಿನಿಕ್ಕು, ಬೇಕರಿ, ಬೋರ್‌ವೆಲ್ಲು ಎಲ್ಲಕ್ಕೂ ಟೇಪು ಕತ್ತರಿಸಿ ಪಳಗಿದ ಕೈ. ಬಣ್ಣದ ದಾರ ಕಂಡರೆ ಆ ಕೈಗೆ ತುರಿಕೆ ಏಳುತ್ತದೆ.

"ಕತ್ತರಿ ಎಲ್ಲೋ?"

"ಮುಟ್ಬೇಡಿ ಅಂದ್ರಲ್ಲಣ್ಣ ಮೇಡಂ."

"ಗನ್ ಮುಟ್ಬೇಡಿ ಅಂದ್ರು ಕಣ್ಲಾ. ಟೇಪು ಕಟ್ ಮಾಡದೆ ಉದ್ಘಾಟನೆ ಹೆಂಗಾಗ್ತದೆ? ಪಾಪ, ಹೆಣ್ಮಗು, ತಟ್ಟೇಲಿ ಕತ್ತರಿ ಇಡೋದು ಮರ್ತೈತೆ."

ಹಾರದ ದಾರ ಕತ್ತರಿಸಲು ತಂದಿದ್ದ ಕತ್ತರಿ ಚಿಕ್ಕರಂಗಯ್ಯನ ಜೇಬಿನಲ್ಲಿತ್ತು. ಕೊಟ್ಟ. ಪ್ರಭುದೇವ ಕೊಳವೆಯ ಬಾಯಿಯ ಹತ್ತಿರ ಬಗ್ಗಿ, ಮಂತ್ರಿಗಳ ಹಾಗೆ ಒಂದು ಕ್ಷಣ ತಡೆದು, ಕಚಕ್ ಎನ್ನಿಸಿದ. ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಮಕ್ಕಳ ಸಾಲಿನಿಂದ "ಅಯ್ಯೋ" ಎಂಬ ಉಸಿರು ಬಂತು.

ಇನ್ನು ಅಶ್ವತ್ಥನ ಸರದಿ. ಅವನು ಮದುವೆಯ ಫೋಟೋಗ್ರಾಫರ್. ಈ ಮಂಟಪದಲ್ಲಿ ಪುರೋಹಿತರು ಗಟ್ಟಿಮೇಳ ಎಂದರೆ ತಾಳಿ ಬೀಳುವುದಿಲ್ಲ, ಅಶ್ವತ್ಥ ಹೂಂ ಎಂದರೆ ಬೀಳುತ್ತದೆ. "ಅಣ್ಣ, ಕತ್ತರಿ ಫೋಟೋ ಸಿಕ್ತು. ಈಗ ಗನ್ ಎತ್ಕಳಿ. ಹಾಂ. ಗೋಡೆ ಕಡೆ ನಿಂತ್ರೆ ಬರೀ ಬೆನ್ನು ಬರ್ತದೆ, ಈ ಕಡೆ ತಿರುಗಿ. ನನ್ನ ಕ್ಯಾಮೆರಾಕ್ಕೇ ಗುರಿ ಇಡಿ. ಬೆರಳು ಒಳಗಿರ್ಲಿ. ಸ್ವಲ್ಪ ಸ್ಮೈಲ್."

ಪ್ರಭುದೇವ ತಿರುಗಿದ. ಬೆರಳು ಟ್ರಿಗರಿನ ಮೇಲೆ, ಹಲ್ಲುಗಳೆಲ್ಲ ಹೊರಗೆ.

"ಸ್ಟಾಪ್!"

ಗೋಡೆಯ ಬಳಿಯಿಂದ ಬಂದ ಆ ಕೂಗಿಗೆ ಬೆಟ್ಟದ ಮೇಲಿನ ಕೋಟೆಯ ಒಂದು ಕಲ್ಲು ಉರುಳಿತೆಂದು ಇಂದಿಗೂ ಹೇಳುತ್ತಾರೆ. ಪ್ರಭುದೇವ ಪಾಪ, ಯಾರು ಕೂಗಿದ್ದೆಂದು ತಲೆ ಹೊರಳಿಸಿದ. ಅವನದು ತಲೆ ತಿರುಗಿದ ಕಡೆಗೆ ಕೈಯೂ ತಿರುಗುವ ಶರೀರ. ರೈಫಲ್ಲಿನ ಬಾಯಿ ಎಡಕ್ಕೆ ಹೊರಟಿತು. ಎಡಗಡೆಯ ಸಾಲುಗಳು ಗಾಳಿಗೆ ರಾಗಿ ಪೈರು ಬಾಗುವ ಹಾಗೆ ನೆಲಕ್ಕೆ ಬಾಗಿದವು. "ಏನಾಯ್ತು?" ಎಂದು ಬಲಕ್ಕೆ ತಿರುಗಿದ, ಬಲಗಡೆಯವರೂ ಮಲಗಿದರು. ಪೂಜೆಗೆಂದು ಬಂದಿದ್ದ ಪುರೋಹಿತರು ಮೂಲೆಯ ನೀರಿನ ಹಂಡೆಯ ಹಿಂದೆ ಹೋದರು. ಚಿಕ್ಕರಂಗಯ್ಯ ಮೇಜಿನ ಕೆಳಗಿದ್ದ. ಹತ್ತು ಸಾವಿರ ಜನರಲ್ಲಿ ನಿಂತೇ ಇದ್ದವಳು ದಾಕ್ಷಾಯಣಮ್ಮ ಒಬ್ಬಳೇ. "ಇಡ್ರೀ ಅದನ್ನ ಕೆಳಗೆ!" ಎಂದಳು.

ಕೊನೆಗೆ ಅವನು ಪೂರ್ತಿ ಒಂದು ಸುತ್ತು ತಿರುಗಿ ಶ್ರೀಲತಾ ಅವರಿಗೇ ಎದುರಾದ. ಪಾವಗಡದವರಿಗೆ ಸಿಟ್ಟು ನೆತ್ತಿಗೇರಿದರೆ ಕನ್ನಡ ಸಾಲುವುದಿಲ್ಲ, ತೆಲುಗು ಬೇಕು. "ತುಪಾಕಿ ಕಿಂದ ಪೆಟ್ಟಂಡಿ!" ಎಂದರು. ಬಂದೂಕು ಕೆಳಗಿಡಿ ಎಂಬುದು ಯಾವ ಭಾಷೆಯಲ್ಲಿ ಹೇಳಿದರೂ ಆ ದನಿಯಲ್ಲಿ ಅರ್ಥವಾಗುತ್ತದೆ. ಪ್ರಭುದೇವ ಮೇಜಿನ ಮೇಲಿಟ್ಟ.

ಶ್ರೀಲತಾ ಬಂದು ರೈಫಲ್ಲಿನ ಬಾಯಿಯನ್ನು ಗೋಡೆಗೆ ತಿರುಗಿಸಿ, ಹಿಂದಿನಿಂದ ಉಳಿದ ದಾರವನ್ನು ಎಳೆದು ತೆಗೆದು, ಒಳಗೆ ನೋಡಿದರು. "ಖಾಲಿ" ಎಂದರು.

ಪ್ರಭುದೇವನಿಗೆ ಜೀವ ಬಂತು. "ನೋಡ್ದೇನಮ್ಮ! ಖಾಲಿ ಗನ್ನಿಗೆ ಇಷ್ಟು ರಂಪ!"

"ಖಾಲಿ ಅಂತ ನಿಮಗೆ ಗೊತ್ತಿತ್ತಾ ಸಾರ್?"

ಪ್ರಭುದೇವ ಎರಡೂ ಕೈಯಿಂದ ಪೇಟ ಸರಿಮಾಡಿಕೊಂಡ.

"ಹೊರಗೆ ನಡೀರಿ. ಇವತ್ತು ಪೂರ್ತಿ ಒಳಗೆ ಬರಂಗಿಲ್ಲ. ಮಕ್ಕಳು ಮಾಡಿದ್ರೂ ಇದೇ ಶಿಕ್ಷೆ."

"ಮಂಟಪ ನಂದು ಕಣಮ್ಮ."

"ಮಂಟಪ ನಿಮ್ದು. ಈ ಕೆಂಪು ಗೆರೆ ನಂದು. ನೀವು ಹೋಗಲ್ಲ ಅಂದ್ರೆ ಈಗ್ಲೇ ಸ್ಪರ್ಧೆ ನಿಲ್ಲಿಸ್ತೀನಿ. ಈ ಮಕ್ಕಳಿಗೆ ಈ ವರ್ಷ ರಾಜ್ಯಮಟ್ಟ ಇಲ್ಲ. ನೀವೇ ಹೇಳಿ ಅವರಿಗೆ."

ಪ್ರಭುದೇವನ ಕೈ ಸೊಂಟದ ಬೀಗದ ಕೈ ಗೊಂಚಲಿಗೆ ಹೋಯಿತು. ಒಂದು ಮಾತು ಆಡಿದ್ದರೆ ಸಾಕಿತ್ತು. ಹಾಲಿಗೆ ಬೀಗ, ಸ್ಪರ್ಧೆ ಬಂದ್, ಹೊರಗೆ ಹೋಗುವುದು ಅವನಲ್ಲ, ಮೇಡಂ. ಬೆಂಬಲಕ್ಕೆಂದು ಗೆಳೆಯನನ್ನು ಹುಡುಕಿದ. ಮೇಜಿನ ಕೆಳಗಿನಿಂದ ದನಿ ಬಂತು: "ಪ್ರಭಣ್ಣ, ಕೈಯಲ್ಲಿ ಈಗ ಏನೂ ಇಲ್ಲ ತಾನೆ? ನಾನು ಎದ್ದೇಳ್ಲಾ?"

ಆಗ ಅಶ್ವತ್ಥ ಕ್ಯಾಮೆರಾ ಹಿಡಿದು ಹತ್ತಿರ ಬಂದ. ಅಭ್ಯಾಸಬಲ, ಫೋಟೋ ತೆಗೆದ ಮೇಲೆ ತೋರಿಸಲೇಬೇಕು. "ಬಂದೈತೆ ಅಣ್ಣ" ಎಂದ. ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ಪ್ರಭುದೇವ ನೋಡಿದ. ಫೋಟೋದ ನಟ್ಟನಡುವೆ ಒಂದು ಕಪ್ಪು ತೂತು, ದುಂಡಗೆ, ಕಣ್ಣಿನ ಹಾಗೆ ತನ್ನನ್ನೇ ನೋಡುತ್ತಿತ್ತು. ಅದರ ಹಿಂದೆ, ತುಂಬ ಹಿಂದೆ, ಪೇಟ ಇಟ್ಟುಕೊಂಡ ಯಾವನೋ ಪೆದ್ದ ಹಲ್ಲು ಕಿರಿಯುತ್ತಿದ್ದ. ಇಷ್ಟು ವರ್ಷ ಅವನು ಹೇಳಿದ ಕಥೆಗಳಲ್ಲಿ ಬಂದೂಕಿನ ಹಿಂಬದಿ ಮಾತ್ರ ಇತ್ತು. ಮುಂಬದಿ ಹೇಗಿರುತ್ತದೆಂದು ಕಂಡಿರಲಿಲ್ಲ. ಆ ತೂತಿನ ಎದುರಿಗೆ ಅಶ್ವತ್ಥನಿದ್ದ. ಆಮೇಲೆ ಎಡಗಡೆಯವರೆಲ್ಲ, ಬಲಗಡೆಯವರೆಲ್ಲ. ಬಾಗದೆ ನಿಂತಿದ್ದ ದಾಕ್ಷಾಯಣಿ.

ಬೀಗದ ಕೈ ಬಿಟ್ಟ. ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಸುರು ಮಾಡ್ಕಳಮ್ಮ" ಎಂದು ಹೇಳಿ ಹೊರಗೆ ನಡೆದ. ಆ ನಡಿಗೆಯ ಬಗ್ಗೆ ಎಷ್ಟು ಉತ್ಪ್ರೇಕ್ಷೆ ಮಾಡಿದರೂ ಕಡಿಮೆಯೇ. ಹಾಲಿನ ಉದ್ದ ಅಂದು ಹಿಂದೂಪುರದವರೆಗೆ ಬೆಳೆದಿತ್ತು.

ದಿನವಿಡೀ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕ ಕೂತ. ಒಳಗಿನಿಂದ ಟಪ್ಪು ಟಪ್ಪೆಂಬ ಸದ್ದು ಬರುತ್ತಿತ್ತು, ನಡುವೆ ಶ್ರೀಲತಾ ಅವರ ಆಜ್ಞೆಗಳು. ದಾಕ್ಷಾಯಣಮ್ಮ ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಭಾತು ತಂದಿಟ್ಟಳು. "ತಿನ್ನಿ. ಉಪ್ಪಿಟ್ಟು ಬ್ಯಾಡ ಅನ್ನೋಕೆ ನೀವೇನು ಚಿರತೆಯಾ?"

"ಬಾಯಿ ಮುಚ್ಕಳೇ" ಎಂದ. ತಿಂದ.

ಸಂಜೆ ಬರಗೂರಿನ ಹುಡುಗಿಯೊಬ್ಬಳು ಗೆದ್ದಳೆಂದು ಗೊತ್ತಾಯಿತು. ಬಹುಮಾನದ ಕಪ್ಪು ಕೊಡುವುದಕ್ಕೂ ಅವನನ್ನು ಒಳಗೆ ಬಿಡಲಿಲ್ಲ; ಅವಳೇ ಮೆಟ್ಟಿಲಿಗೆ ಬಂದು ಅವನ ಕೈಯಿಂದ ತೆಗೆದುಕೊಂಡಳು. ಹಿಂದೆಯೇ ಬಂದ ಶ್ರೀಲತಾ ಚಪ್ಪಲಿ ಹಾಕಿಕೊಳ್ಳುತ್ತ, "ಮುಂದಿನ ಭಾನುವಾರ ಹೊಸಬರಿಗೆ ಕ್ಲಾಸ್ ಐತೆ ಸಾರ್, ಇಲ್ಲೇ" ಎಂದರು. ಬನ್ನಿ ಎನ್ನಲಿಲ್ಲ.

ಪ್ರಭುದೇವ ಹೋದ. ನಾಗಲಮಡಿಕೆಯಿಂದ ಬಂದಿದ್ದ ಏಳನೇ ಕ್ಲಾಸಿನ ಮಕ್ಕಳ ನಡುವೆ, ಮೊಣಕಾಲು ಗದ್ದಕ್ಕೆ ತಾಗುವ ಬೆಂಚಿನ ಮೇಲೆ ಕೂತ. ದಾರ ಯಾಕೆ, ಗೆರೆ ಯಾಕೆ, ಬೆರಳು ಎಲ್ಲಿರಬೇಕು ಎಂದು ಕೇಳಿದಾಗ ಮಕ್ಕಳಿಗಿಂತ ಮೊದಲು ಕೈ ಎತ್ತಿದ. ಎರಡು ಸಲ ತಪ್ಪು ಹೇಳಿದ, ಮಕ್ಕಳು ನಕ್ಕರು. ಕೊನೆಗೆ ಅವನ ಸರದಿ ಬಂತು. ಶ್ರೀಲತಾ ಹೇಳಿದ ಮೇಲೆ ದಾರ ತೆಗೆದ, ಹೇಳಿದ ಮೇಲೆ ಗುಂಡು ತುಂಬಿದ, ಹೇಳಿದ ಮೇಲೆ ಗುರಿ ಇಟ್ಟ. ಬದುಕಿನ ಮೊದಲ ಗುಂಡು ಹೊಡೆದ. ಅದು ಕಾಗದಕ್ಕೆ ತಾಗಲಿಲ್ಲ. ಹಲಗೆಗೂ ತಾಗಲಿಲ್ಲ. ಹಲಗೆಗಳಿಗಿಂತ ಎಷ್ಟೋ ಮೇಲೆ ಬೋಳು ಗೋಡೆಯಲ್ಲಿ ಕಡಲೆಕಾಳಿನಷ್ಟು ಸುಣ್ಣ ಉದುರಿತು.

ಶ್ರಾವಣ ಬಂದು ಮಂಟಪಕ್ಕೆ ಸುಣ್ಣ ಬಳಿಸಿದಾಗ ಆ ಗುಳಿಯನ್ನು ಮುಚ್ಚಲು ಪೇಂಟರಿಗೆ ಬಿಡಲಿಲ್ಲ. ಈಗ ಮದುವೆಗೆ ಹಾಲ್ ನೋಡಲು ಬಂದವರಿಗೆ ಅಡುಗೆಮನೆಗಿಂತ ಮೊದಲು ಅದನ್ನು ತೋರಿಸುತ್ತಾನೆ. ಕೊರಟಗೆರೆಯ ಬೀಗರೊಬ್ಬರು ಮೊನ್ನೆ ಕತ್ತೆತ್ತಿ ನೋಡಿ, "ಏನು ಸ್ವಾಮಿ ಅದು?" ಎಂದರು.

"ಗುಂಡು. ನಂದೇ."

"ಗುರಿ ಎಲ್ಲಿತ್ತು?"

ಪ್ರಭುದೇವ ಕೆಳಗೆ, ತನ್ನ ಸೊಂಟದ ಎತ್ತರಕ್ಕೆ ಕೈ ತೋರಿಸಿದ. ಬೀಗರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನೋಡಿದರು.

"ಇಷ್ಟು ದೂರ ತಪ್ಪೈತಲ್ಲ ಸ್ವಾಮಿ!"

"ಹೂಂ ಮತ್ತೆ!" ಪ್ರಭುದೇವನ ಎದೆ ಮಧುಗಿರಿ ಬೆಟ್ಟವಾಯಿತು. "ಇಷ್ಟು ದೂರ ತಪ್ಪಿಸಿದೋನು ನಾಲ್ಕು ತಾಲ್ಲೂಕಲ್ಲಿ ಇನ್ನೊಬ್ಬನಿದ್ರೆ ಕರ್ಕೊಂಡ್ ಬನ್ನಿ, ಮಂಟಪ ಪುಕ್ಕಟೆ ಕೊಡ್ತೀನಿ!"